ಹಣ್ಣು ಬರಲಿಲ್ಲ, ಪಾಕ ಬಂತು

ಕೆಲವು ಹಣ್ಣುಗಳು ಕೈಗೆ ಬಂದ ಕೂಡಲೇ ಬಾಯಿಗೆ ಹೋಗುತ್ತವೆ. ಮಾವು, ಬಾಳೆ, ಸೇಬು, ಸಪೋಟ ಈ ಸಾಲಿನವು. ಇನ್ನು ಕೆಲವು ಹಣ್ಣುಗಳು ಒಲೆಯ ಮೇಲೆ ಏರಿ ಇಳಿಯುವ ತನಕ ನಾಲಗೆಗೆ ಒಗ್ಗುವುದಿಲ್ಲ. ಕ್ವಿನ್ಸ್ ಎಂಬ ಹಣ್ಣು ಈ ಎರಡನೆಯ ಸಾಲಿಗೆ ಸೇರಿದ್ದು. ನೋಡುವುದಕ್ಕೆ ದಪ್ಪನೆಯ ಪಿಯರ್ ಹಣ್ಣಿನ ಹಾಗೆ. ಬಣ್ಣ ನಿಂಬೆಯ ಹಳದಿ. ಸಿಪ್ಪೆಯ ಮೇಲೆ ಬೂದುಬಣ್ಣದ ನವಿರಾದ ರೋಮ. ಒಂದೇ ಒಂದು ಹಣ್ಣನ್ನು ಕೋಣೆಯಲ್ಲಿಟ್ಟರೆ ಸಾಕು, ಕೋಣೆಯೆಲ್ಲ ಘಮಘಮಿಸುತ್ತದೆ. ಆ ಪರಿಮಳಕ್ಕೆ ಮರುಳಾಗಿ ಕಚ್ಚಿದರೆ ಮಾತ್ರ ಹಲ್ಲಿಗೆ ಮರದ ತುಂಡು ಸಿಕ್ಕಂತಾಗುತ್ತದೆ. ಎಳೆಯ ಬಾಳೆಕಾಯಿ ಕಚ್ಚಿದಾಗಿನಂತೆ ಬಾಯಿ ಒಗರಾಗಿ ನಾಲಗೆ ಅಂಟಿಕೊಳ್ಳುತ್ತದೆ.

ಹೀಗೆ ಮೊದಲ ತುತ್ತಿನಲ್ಲೇ ಬೇಡವೆನಿಸುವ ಹಣ್ಣನ್ನು ಮನುಷ್ಯ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ತೋಟದಲ್ಲಿ ಬೆಳೆಸಿಕೊಂಡು ಬಂದಿದ್ದಾನೆ. ಅದಕ್ಕೆ ಕಾರಣ ಹಣ್ಣಿನಲ್ಲಿ ಎಷ್ಟಿದೆಯೋ ಅಡುಗೆಮನೆಯಲ್ಲಿಯೂ ಅಷ್ಟೇ ಇದೆ. ಈ ಹಣ್ಣು ನಮ್ಮ ನಾಡಿಗೆ ಬೆಳೆಯಾಗಿ ಬರಲೇ ಇಲ್ಲ. ಆದರೆ ಇದಕ್ಕಾಗಿ ಕಂಡುಹಿಡಿದ ಪಾಕವಿಧಾನವೊಂದು ಸಮುದ್ರ ದಾಟಿ ಕರ್ನಾಟಕದ ಕರಾವಳಿಯವರೆಗೂ ಬಂದಿದೆ.

ಕೈಡೋನಿಯದ ಸೇಬು

ಕ್ವಿನ್ಸ್ ಗುಲಾಬಿಯ ಕುಟುಂಬಕ್ಕೆ ಸೇರಿದ ಸಣ್ಣ ಮರ. ಸೇಬು ಮತ್ತು ಪಿಯರ್ ಇದರ ಹತ್ತಿರದ ನೆಂಟರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೈಡೋನಿಯ ಆಬ್ಲಾಂಗ. ಆ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ. ಕಾಕಸಸ್ ಪರ್ವತದ ತಪ್ಪಲು ಮತ್ತು ಇರಾನಿನ ಉತ್ತರ ಭಾಗಗಳು ಇದರ ತವರು. ಅಲ್ಲಿಂದ ಅದು ಪಶ್ಚಿಮಕ್ಕೆ ಗ್ರೀಸ್, ರೋಮ್‌ಗಳ ಕಡೆಗೂ ಪೂರ್ವಕ್ಕೆ ಮಧ್ಯ ಏಷ್ಯಾ, ಅಫ್ಘಾನಿಸ್ತಾನ, ಕಾಶ್ಮೀರಗಳ ಕಡೆಗೂ ಹರಡಿತು. ಕ್ರೀಟ್ ದ್ವೀಪದ ಕೈಡೋನಿಯ ಎಂಬ ಪಟ್ಟಣದ ಹಣ್ಣು ಹೆಸರುವಾಸಿಯಾಗಿದ್ದುದರಿಂದ ಗ್ರೀಕರು ಇದನ್ನು ‘ಕೈಡೋನಿಯದ ಸೇಬು’ ಎಂದು ಕರೆದರು. ಆ ಪಟ್ಟಣವೇ ಇಂದಿನ ಹಾನಿಯ. ಇಂಗ್ಲಿಷಿನ ಕ್ವಿನ್ಸ್ ಎಂಬ ಮಾತೂ ಲ್ಯಾಟಿನ್ ಮತ್ತು ಫ್ರೆಂಚ್ ಬಾಯಿಗಳಲ್ಲಿ ಸವೆದು ಬಂದ ಅದೇ ಊರಿನ ಹೆಸರು.

ಗ್ರೀಕರಿಗೆ ಇದು ಮದುವೆಯ ಹಣ್ಣಾಗಿತ್ತು. ಅಥೆನ್ಸಿನ ಶಾಸನಕರ್ತ ಸೋಲನ್ ಕ್ರಿಸ್ತಪೂರ್ವ 6ನೇ ಶತಮಾನದವನು. ವಧು ಶಯನಗೃಹಕ್ಕೆ ಹೋಗುವ ಮುನ್ನ ಕ್ವಿನ್ಸ್ ಹಣ್ಣನ್ನು ತಿನ್ನಬೇಕೆಂದು ಅವನು ನಿಯಮ ಮಾಡಿದ್ದನೆಂದು ಚರಿತ್ರಕಾರ ಪ್ಲುಟಾರ್ಕ್ ಬರೆದಿದ್ದಾನೆ. ಮೊದಲ ಮಾತು ಹಿತವಾಗಿರಲಿ, ಬಾಯಿ ಸುವಾಸನೆಯಿಂದ ಇರಲಿ ಎಂಬುದು ಅವನು ಕೊಡುವ ವಿವರಣೆ. ನಮ್ಮಲ್ಲಿ ತಾಂಬೂಲಕ್ಕೆ ಇರುವ ಸ್ಥಾನವನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು.

ರೋಮನ್ನರು ಹಣ್ಣನ್ನು ಕೆಡದಂತೆ ಇಡುವ ದಾರಿ ಹುಡುಕಿದರು. ಅಪಿಸಿಯಸ್ ಎಂಬವನ ಹೆಸರಿನಲ್ಲಿ ಉಳಿದುಬಂದಿರುವ ಅಡುಗೆಯ ಪುಸ್ತಕದಲ್ಲಿ ಈ ವಿಧಾನ ಇದೆ. ಕಲೆಯಿಲ್ಲದ ಹಣ್ಣನ್ನು ತೊಟ್ಟು, ಎಲೆಗಳ ಸಮೇತ ಪಾತ್ರೆಯಲ್ಲಿಟ್ಟು, ಅದರ ಮೇಲೆ ಜೇನು ಮತ್ತು ಕುದಿಸಿ ಗಟ್ಟಿ ಮಾಡಿದ ದ್ರಾಕ್ಷಿರಸವನ್ನು ಹೊಯ್ಯಬೇಕು. ಜೇನಿನಲ್ಲಿ ನೆನೆದ ಹಣ್ಣಿನ ಒಗರು ತಗ್ಗುತ್ತಿತ್ತು. ಜೇನಿಗೆ ಗ್ರೀಕ್ ಭಾಷೆಯಲ್ಲಿ ಮೇಲಿ, ಸೇಬಿಗೆ ಮೇಲೋನ್. ಇವೆರಡೂ ಸೇರಿದ ‘ಮೇಲಿಮೇಲೋನ್’, ಅಂದರೆ ಜೇನುಸೇಬು ಎಂಬ ಮಾತೇ ಮುಂದೆ ಪೋರ್ಚುಗಲ್ಲಿನಲ್ಲಿ ‘ಮಾರ್ಮೆಲೊ’ ಆಯಿತು. ಅಲ್ಲಿ ಕ್ವಿನ್ಸ್ ಹಣ್ಣಿಗೆ ಇಂದಿಗೂ ಅದೇ ಹೆಸರು.

ಒಲೆಯ ಮೇಲೆ ಆಗುವುದೇನು?

ಕ್ವಿನ್ಸ್ ಹಸಿಯಾಗಿ ರುಚಿಸದಿರಲು ಎರಡು ಕಾರಣಗಳಿವೆ. ಒಂದು, ಅದರ ತಿರುಳಿನಲ್ಲಿ ಹರಡಿಕೊಂಡಿರುವ ಗಡುಸಾದ ಕಲ್ಲುಕೋಶಗಳು. ಸೀಬೆಯನ್ನೋ ಪಿಯರನ್ನೋ ತಿನ್ನುವಾಗ ಹಲ್ಲಿಗೆ ಸಿಗುವ ಮರಳಿನಂಥ ಕಣಗಳೂ ಇವೇ. ಕ್ವಿನ್ಸ್‌ನಲ್ಲಿ ಅವು ಹೆಚ್ಚು. ಇನ್ನೊಂದು, ಟ್ಯಾನಿನ್ ಎಂಬ ಒಗರಿನ ಪದಾರ್ಥ. ಇದು ಎಂಜಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುವ ಗುಣವನ್ನು ಕಳೆಯುತ್ತದೆ. ಬಾಯಿ ಒಣಗಿದಂತೆ ಆಗುವುದು ಇದರಿಂದ. ಹಣ್ಣಿನಲ್ಲಿ ಸಕ್ಕರೆ ಇಲ್ಲದೆ ಇಲ್ಲ. ಒಗರು ಮತ್ತು ಹುಳಿಗಳ ಮುಂದೆ ಅದು ಗೊತ್ತಾಗುವುದಿಲ್ಲ, ಅಷ್ಟೆ.

ಸಣ್ಣ ಉರಿಯಲ್ಲಿ ಹೊತ್ತುಹೊತ್ತು ಬೇಯಿಸಿದಾಗ ಈ ಚಿತ್ರ ಬದಲಾಗುತ್ತದೆ. ತಿರುಳು ಮೆತ್ತಗಾಗುತ್ತದೆ, ಒಗರು ಕುಗ್ಗುತ್ತದೆ. ಜೊತೆಗೆ ಇನ್ನೊಂದು ಸೋಜಿಗವೂ ನಡೆಯುತ್ತದೆ. ಬಿಳಿ ಹಳದಿಯಾಗಿದ್ದ ಹಣ್ಣು ಮೊದಲು ಗುಲಾಬಿ ಬಣ್ಣಕ್ಕೆ, ಬಳಿಕ ಇಟ್ಟಿಗೆಯ ಕೆಂಪಿಗೆ, ಕೊನೆಗೆ ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. ಯಾರೂ ಬಣ್ಣ ಹಾಕಿರುವುದಿಲ್ಲ. ಒಗರಿಗೆ ಕಾರಣವಾದ ಆ ಬಣ್ಣವಿಲ್ಲದ ಪದಾರ್ಥವೇ ಬಿಸಿ ಮತ್ತು ಹುಳಿಯ ಪ್ರಭಾವದಿಂದ ಒಡೆದು ಆಂಥೋಸಯನಿನ್ ಗುಂಪಿನ ಕೆಂಪು ವರ್ಣದ್ರವ್ಯವಾಗಿ ಮಾರ್ಪಡುತ್ತದೆ. ಅಂದರೆ ಹಣ್ಣಿನ ದೋಷವೇ ಬೆಂದು ಅದರ ಚೆಲುವಾಗುತ್ತದೆ. ಬೇಗ ಬೇಯಿಸಿ ಇಳಿಸಿದರೆ ಬಣ್ಣ ತಿಳಿಯಾಗಿಯೇ ಉಳಿಯುತ್ತದೆ; ತಾಳ್ಮೆ ಇದ್ದಷ್ಟೂ ಕೆಂಪು ಹೆಚ್ಚು.

ಮೂರನೆಯ ಗುಣ ಪೆಕ್ಟಿನ್. ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಈ ಪದಾರ್ಥ ಕ್ವಿನ್ಸ್‌ನಲ್ಲಿ ಧಾರಾಳವಾಗಿದೆ. ಸಕ್ಕರೆ ಮತ್ತು ಹುಳಿಯ ಜೊತೆ ಕುದಿದು ತಣ್ಣಗಾದಾಗ ಪೆಕ್ಟಿನ್ ಬಲೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತದೆ. ಹೀಗಾಗಿ ಕ್ವಿನ್ಸ್ ಪಾಕ ಚಾಕುವಿನಿಂದ ಬಿಲ್ಲೆ ಕತ್ತರಿಸುವಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಸಂಸ್ಕೃತದ ‘ಪಕ್ವ’ ಎಂಬ ಮಾತಿಗೆ ಮಾಗಿದ್ದು ಎಂಬ ಅರ್ಥವೂ ಇದೆ, ಬೆಂದದ್ದು ಎಂಬ ಅರ್ಥವೂ ಇದೆ. ಕ್ವಿನ್ಸ್ ವಿಷಯದಲ್ಲಿ ಎರಡೂ ಒಂದೇ ಆಗುತ್ತವೆ. ಮರದಲ್ಲಿ ಅರ್ಧ ಮಾಗುವ ಹಣ್ಣು ಉಳಿದರ್ಧ ಮಾಗುವುದು ಒಲೆಯ ಮೇಲೆ.

ಮಾಂಸದ ಜೊತೆ, ಬದನೆಯ ಜೊತೆ

ಹಣ್ಣು ಎಂದರೆ ಸಿಹಿ ತಿನಿಸಿಗೆ ಎಂದೇ ಎಲ್ಲ ಕಡೆ ತಿಳಿದಿಲ್ಲ. ಇರಾನಿನಲ್ಲಿ ಇದರ ಹೆಸರು ‘ಬೆಹ್’. ಅಲ್ಲಿನ ಮನೆಗಳಲ್ಲಿ ಮಾಡುವ ‘ಖೊರೇಶ್ತೆ ಬೆಹ್’ ಅನ್ನಕ್ಕೆ ಕಲಸಿಕೊಳ್ಳುವ ಒಂದು ಮೇಲೋಗರ. ಈರುಳ್ಳಿ ಬಾಡಿಸಿ, ಕುರಿಮಾಂಸ ಮತ್ತು ಬೇಳೆ ಹಾಕಿ ಬೇಯಿಸುತ್ತಾರೆ. ಹೋಳು ಮಾಡಿದ ಕ್ವಿನ್ಸ್ ಅನ್ನು ಬೇರೆಯಾಗಿ ಹುರಿದು ಕೊನೆಗೆ ಸೇರಿಸಿ, ಹುಳಿ ಸಿಹಿ ಸಮ ಬರುವ ಹಾಗೆ ಸಣ್ಣ ಉರಿಯಲ್ಲಿ ಇಡುತ್ತಾರೆ. ನಮ್ಮ ಗೊಜ್ಜಿನ ಹುಳಿ ಸಿಹಿಯನ್ನು ಬಲ್ಲವರಿಗೆ ಈ ರುಚಿಯ ಅಂದಾಜು ಸಿಗುತ್ತದೆ. ಮೊರಾಕ್ಕೊದಲ್ಲೂ ಕುರಿಮಾಂಸದ ಜೊತೆ ಇದನ್ನು ಬೇಯಿಸುತ್ತಾರೆ. ಉಜ್ಬೇಕಿಸ್ತಾನದಲ್ಲಿ ಪಲಾವಿನ ಅಕ್ಕಿಯ ನಡುವೆ ಹೂತಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ.

ಕ್ವಿನ್ಸ್ ಬೆಳೆಯುವ ದೇಶಗಳಲ್ಲಿ ಟರ್ಕಿ ಮುಂಚೂಣಿಯಲ್ಲಿದೆ. ಅಲ್ಲಿ ಇದು ‘ಐವಾ’. ಸಿಪ್ಪೆ ತೆಗೆದು ಎರಡು ಹೋಳು ಮಾಡಿ, ನಡುವಿನ ಗಟ್ಟಿ ಭಾಗ ಕೆರೆದು, ಆ ಗುಳಿಗೆ ಸಕ್ಕರೆ ತುಂಬಿ, ನಾಲ್ಕಾರು ಲವಂಗ ಹಾಕಿ ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಬೇಯಿಸುತ್ತಾರೆ. ಬೀಜಗಳನ್ನೂ ಪಾತ್ರೆಗೆ ಹಾಕುವುದುಂಟು, ಪಾಕ ಮಂದವಾಗಲಿ ಎಂದು. ಕೆಂಪಗೆ ಬೆಂದ ಹೋಳಿನ ಮೇಲೆ ದಪ್ಪ ಕೆನೆ, ಮೇಲಿಷ್ಟು ಅಕ್ರೋಟು. ಟರ್ಕಿಯ ಚಳಿಗಾಲದ ಸಿಹಿಗಳಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಅಲ್ಲಿನ ಕೆಲವು ತಳಿಗಳನ್ನು ತೆಳ್ಳಗೆ ಹೆಚ್ಚಿ ಹಸಿಯಾಗಿ ತಿನ್ನುವವರೂ ಇದ್ದಾರೆ. ಆದರೂ ‘ಐವಾ ತಿಂದ’ ಎಂದರೆ ಟರ್ಕಿಶ್ ಆಡುಮಾತಿನಲ್ಲಿ ‘ಪೇಚಿಗೆ ಸಿಕ್ಕಿಬಿದ್ದ’ ಎಂದೇ ಅರ್ಥ. ಗಂಟಲಲ್ಲಿ ಸಿಕ್ಕಿಕೊಳ್ಳುವ ಹಣ್ಣಿನ ನೆನಪನ್ನು ಭಾಷೆ ಹೀಗೆ ಉಳಿಸಿಕೊಂಡಿದೆ.

ಭಾರತದಲ್ಲಿ ಈ ಹಣ್ಣನ್ನು ಮನೆಯ ಅಡುಗೆಯಾಗಿ ಬಲ್ಲವರು ಕಾಶ್ಮೀರದವರು. ಕಾಶ್ಮೀರಿಯಲ್ಲಿ ಸೇಬು ‘ಚೂಂಠ್’, ಇದು ‘ಬಮ್‌ಚೂಂಠ್’. ಶರತ್ಕಾಲದಲ್ಲಿ ಇದು ಕೊಯ್ಲಿಗೆ ಬಂದಾಗ ಕಾಶ್ಮೀರಿ ಪಂಡಿತರ ಮನೆಗಳಲ್ಲಿ ಬದನೆಕಾಯಿಯ ಜೊತೆ ಪಲ್ಯ ಮಾಡುವುದು ವಾಡಿಕೆ. ಎರಡನ್ನೂ ಉದ್ದುದ್ದ ಹೋಳು ಮಾಡಿ ಸಾಸಿವೆ ಎಣ್ಣೆಯಲ್ಲಿ ಹುರಿದು, ಇಂಗು, ಮೆಣಸಿನ ಪುಡಿ, ಸೋಂಪಿನ ಪುಡಿ, ಒಣಶುಂಠಿ ಪುಡಿ ಹಾಕಿ ಬೇಯಿಸುತ್ತಾರೆ. ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬದನೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಕ್ವಿನ್ಸ್ ತನ್ನ ಹುಳಿಯನ್ನು ಬಿಟ್ಟುಕೊಡುತ್ತದೆ.

ಕರ್ನಾಟಕದಲ್ಲಿ ಈ ಹಣ್ಣಿನ ಪರಿಚಯ ಇಲ್ಲದಿದ್ದರೂ ಅದರ ಬೀಜದ ಪರಿಚಯ ಯುನಾನಿ ವೈದ್ಯರಿಗಿದೆ. ಬೆಹ್ ಹಣ್ಣಿನ ಕಾಳು ಎಂಬ ಅರ್ಥದ ‘ಬಿಹಿದಾನ’ ಯುನಾನಿ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಬೀಜವನ್ನು ಇಡಿಯಾಗಿಯೇ ನೀರಿನಲ್ಲಿ ನೆನೆಸಿದರೆ ಕಾಮಕಸ್ತೂರಿ ಬೀಜದಂತೆ ಲೋಳೆ ಬಿಡುತ್ತದೆ. ಕೆಮ್ಮು, ಗಂಟಲ ಕೆರೆತಕ್ಕೆ ಆ ಲೋಳೆಯನ್ನು ಕೊಡುವ ಪದ್ಧತಿ ಇದೆ. ಸೇಬಿನ ಬೀಜದ ಹಾಗೆ ಇದರಲ್ಲೂ ಸಯನೈಡ್ ಹುಟ್ಟಿಸುವ ಅಂಶ ಇರುವುದರಿಂದ ಜಗಿಯುವುದಾಗಲಿ ಅರೆಯುವುದಾಗಲಿ ಸಲ್ಲದು.

ಮಾರ್ಮೆಲೊದಿಂದ ಮಾರ್ಮಲೇಡ್

ಜೇನಿನ ಜಾಗಕ್ಕೆ ಸಕ್ಕರೆ ಬಂದ ಮೇಲೆ ಕ್ವಿನ್ಸ್ ಕಥೆ ಇನ್ನೊಂದು ತಿರುವು ಪಡೆಯಿತು. ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆ ಭಾರತದಿಂದ ಪಶ್ಚಿಮಕ್ಕೆ ಹೋದದ್ದು. ನಮ್ಮ ‘ಶರ್ಕರಾ’ ಪರ್ಷಿಯದಲ್ಲಿ ‘ಶಕರ್’ ಆಗಿ, ಅರಬ್ಬರಲ್ಲಿ ‘ಸುಕ್ಕರ್’ ಆಗಿ, ಪೋರ್ಚುಗಲ್ಲಿನಲ್ಲಿ ‘ಅಸೂಕರ್’ ಆಯಿತು. 15ನೇ ಶತಮಾನದಲ್ಲಿ ಪೋರ್ಚುಗೀಸರು ಅಟ್ಲಾಂಟಿಕ್ ಸಾಗರದ ಮಡೀರಾ ದ್ವೀಪದಲ್ಲಿ ಕಬ್ಬು ಬೆಳೆಸಿದರು. ಸಕ್ಕರೆ ಕೈಗೆಟುಕುವಂತಾದಾಗ ಕ್ವಿನ್ಸ್ ಹಣ್ಣನ್ನು ಅದರಲ್ಲಿ ಗಟ್ಟಿಯಾಗಿ ಕಾಸುವ ‘ಮಾರ್ಮೆಲಾಡ’ ಅವರ ಹೆಸರಾಂತ ತಿನಿಸಾಯಿತು. ಕ್ರೈಸ್ತ ಸನ್ಯಾಸಿನಿಯರ ಮಠಗಳು ಇಂಥ ಸಿಹಿಗಳಿಗೆ ಪ್ರಸಿದ್ಧವಾದವು. ಲಿಸ್ಬನ್ ಬಳಿಯ ಒಡಿವೆಲಾಸ್ ಮಠದ ಬಿಳಿ ಮಾರ್ಮೆಲಾಡದ ಹೆಸರು ಇಂದಿಗೂ ಉಳಿದಿದೆ.

ಮಾಡುವ ವಿಧಾನ ಸರಳ, ಕೈಗೆ ಮಾತ್ರ ಕೆಲಸ. ಹಣ್ಣಿನ ಮೇಲಿನ ರೋಮವನ್ನು ಬಟ್ಟೆಯಿಂದ ಉಜ್ಜಿ ತೆಗೆದು, ತೊಳೆದು, ಹೋಳು ಮಾಡಿ, ನೀರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಬೆಂದ ತಿರುಳನ್ನು ಜರಡಿಯಲ್ಲಿ ಉಜ್ಜಿ ನುಣುಪಾಗಿ ಇಳಿಸಿಕೊಂಡು, ಹೆಚ್ಚುಕಡಿಮೆ ಅದರಷ್ಟೇ ತೂಕದ ಸಕ್ಕರೆ ಸೇರಿಸಿ ದಪ್ಪತಳದ ಪಾತ್ರೆಯಲ್ಲಿ ಮಗುಚುತ್ತಿರಬೇಕು. ಬಿಸಿ ಪಾಕ ಕೈಗೆ ಸಿಡಿಯುವುದರಿಂದ ಉದ್ದ ಹಿಡಿಯ ಮರದ ಸೌಟೇ ಆಗಬೇಕು. ಸೌಟು ಎಳೆದಾಗ ಪಾತ್ರೆಯ ತಳ ಕಂಡು, ಪಾಕ ನಿಧಾನವಾಗಿ ಮತ್ತೆ ಕೂಡಿಕೊಂಡರೆ ಹದ ಬಂತೆಂದು ಲೆಕ್ಕ. ಆಗ ಬಟ್ಟಲುಗಳಿಗೆ ಸುರಿದು ಕೆಲವು ದಿನ ಗಾಳಿ ಬಿಸಿಲಿಗೆ ಇಟ್ಟರೆ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಇದು ತಿಂಗಳುಗಟ್ಟಲೆ ಕೆಡುವುದಿಲ್ಲ. ಸ್ಪೇನಿನವರು ಇಂಥದ್ದನ್ನೇ ಬಿಲ್ಲೆ ಕತ್ತರಿಸಿ ಉಪ್ಪುಪ್ಪಾದ ಚೀಸ್ ಜೊತೆ ತಿನ್ನುತ್ತಾರೆ.

ಪೆಟ್ಟಿಗೆಗಳಲ್ಲಿ ತುಂಬಿದ ಮಾರ್ಮೆಲಾಡ ಹಡಗು ಹತ್ತಿ ಇಂಗ್ಲೆಂಡಿಗೂ ಹೋಯಿತು. 1524ರಲ್ಲಿ ಎಂಟನೆಯ ಹೆನ್ರಿ ದೊರೆಗೆ ಒಂದು ಪೆಟ್ಟಿಗೆ ಮಾರ್ಮಲೇಡ್ ಕಾಣಿಕೆಯಾಗಿ ಬಂದ ದಾಖಲೆ ಇದೆ. ಮುಂದೆ ಇಂಗ್ಲಿಷರು ಇದೇ ಹೆಸರನ್ನು ಕಿತ್ತಳೆಯ ಸಿಪ್ಪೆ ಹಾಕಿ ಮಾಡುವ ಪಾಕಕ್ಕೂ ಇಟ್ಟರು. ಕ್ರಮೇಣ ಕಿತ್ತಳೆಯೇ ಉಳಿದು ಕ್ವಿನ್ಸ್ ಮರೆತುಹೋಯಿತು. 1979ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಹೊರಡಿಸಿದ ನಿರ್ದೇಶನದ ಪ್ರಕಾರ ಕಿತ್ತಳೆ, ನಿಂಬೆಯ ಜಾತಿಯ ಹಣ್ಣುಗಳಿಂದ ಮಾಡಿದ್ದನ್ನು ಮಾತ್ರ ಇಂಗ್ಲಿಷಿನಲ್ಲಿ ಮಾರ್ಮಲೇಡ್ ಎಂದು ಮಾರಬಹುದಾಗಿತ್ತು. ಹೆಸರು ಕೊಟ್ಟ ಹಣ್ಣೇ ಹೆಸರಿನಿಂದ ಹೊರಬಿತ್ತು! 2024ರ ತಿದ್ದುಪಡಿ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿ, ಬೇರೆ ಹಣ್ಣುಗಳ ಜಾಮಿಗೂ ಆ ಹೆಸರಿಡಲು ಸದಸ್ಯ ರಾಷ್ಟ್ರಗಳಿಗೆ ಅವಕಾಶ ನೀಡಿತು.

ಸೀಬೆಗೆ ಸಿಕ್ಕ ಪಟ್ಟ

1510ರಲ್ಲಿ ಗೋವಾವನ್ನು ಗೆದ್ದ ಪೋರ್ಚುಗೀಸರು ತಮ್ಮ ನಾಲಗೆಯನ್ನು ಊರಲ್ಲಿ ಬಿಟ್ಟು ಬಂದಿರಲಿಲ್ಲ. ಮಾರ್ಮೆಲಾಡ ಬೇಕು, ಮಾರ್ಮೆಲೊ ಇಲ್ಲ. ಆ ಮರ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಅದಕ್ಕೆ ನೂರಾರು ಗಂಟೆಗಳಷ್ಟು ಕೊರೆಯುವ ಚಳಿ ಬೇಕು. ಕೊಂಕಣದ ಸೆಕೆಯಲ್ಲಿ ಅದು ಆಗದ ಮಾತು. ಆದರೆ ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಪೋರ್ಚುಗೀಸರು ತಂದ ಸೀಬೆ ಇಲ್ಲಿ ಚೆನ್ನಾಗಿ ಬೇರೂರಿತು. ಅದನ್ನು ಅವರು ಇಲ್ಲಿ ‘ಪೇರ’ ಎಂದು ಕರೆದರು. ಅವರ ಭಾಷೆಯಲ್ಲಿ ಅದು ಪಿಯರ್ ಹಣ್ಣಿನ ಹೆಸರು. ಕೊಂಕಣಿಯ ‘ಪೇರ್’, ಕನ್ನಡದ ಪೇರಲೆ, ಪೇರಳೆಗಳು ಬಂದದ್ದು ಅಲ್ಲಿಂದ.

ಸೀಬೆಯನ್ನು ಆರಿಸಿಕೊಂಡದ್ದು ಅಡುಗೆಯವರ ಕಣ್ಣು. ಕ್ವಿನ್ಸ್‌ನಂತೆ ಇದಕ್ಕೂ ಮನೆ ತುಂಬುವ ಪರಿಮಳ ಇದೆ; ತಿರುಳಿನಲ್ಲಿ ಮರಳು ಮರಳಾದ ಕಣ ಇದೆ; ಎಲ್ಲಕ್ಕಿಂತ ಮುಖ್ಯವಾಗಿ, ಪಾಕವನ್ನು ಬಿಲ್ಲೆಗಟ್ಟಿಸುವ ಪೆಕ್ಟಿನ್ ಹೇರಳವಾಗಿದೆ. ಅತ್ತ ಬ್ರೆಜಿಲಿನಲ್ಲೂ ಪೋರ್ಚುಗೀಸರು ಇದನ್ನೇ ಮಾಡಿದರು. ಅಲ್ಲಿ ಸೀಬೆ ‘ಗೊಯಾಬ’, ಅದರ ಪಾಕ ‘ಗೊಯಾಬಾಡ’. ಬಿಳಿ ಚೀಸಿನ ಜೊತೆ ಅದನ್ನು ತಿನ್ನುವ ಜೋಡಿಗೆ ಬ್ರೆಜಿಲಿನವರು ‘ರೋಮಿಯೊ ಜೂಲಿಯೆಟ್’ ಎಂದು ಹೆಸರಿಟ್ಟಿದ್ದಾರೆ. ಗೋವಾದಲ್ಲಿ ಅದು ‘ಪೆರಾದ್’ ಆಯಿತು. ಗೋವಾದಿಂದ 16ರಿಂದ 18ನೇ ಶತಮಾನಗಳ ನಡುವೆ ದಕ್ಷಿಣಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳ ಜೊತೆ ಅದು ಮಂಗಳೂರಿನ ಅಡುಗೆಮನೆಗಳಿಗೂ ಬಂತು. ಕ್ರಿಸ್‌ಮಸ್ ಸಮಯದಲ್ಲಿ ನೆರೆಹೊರೆಗೆ ಹಂಚುವ ಕುಸ್ವಾರ್ ತಟ್ಟೆಯಲ್ಲಿ ಕೆಂಪು ಬಿಲ್ಲೆಗಳ ರೂಪದಲ್ಲಿ ಇಂದಿಗೂ ಅದು ಕಾಣಸಿಗುತ್ತದೆ.

ಪೆರಾದ್ ಮಾಡುವಾಗ ಚೆನ್ನಾಗಿ ಮಾಗಿದ ಸೀಬೆಗಳ ಜೊತೆ ಒಂದೆರಡು ದೋರೆಗಾಯಿಗಳನ್ನೂ ಸೇರಿಸುವುದು ಒಳ್ಳೆಯದು. ಪೆಕ್ಟಿನ್ ಅದರಲ್ಲಿ ಹೆಚ್ಚು. ಹಣ್ಣನ್ನು ಬೇಯಿಸಿ, ಬೀಜ ಹೋಗುವಂತೆ ಜರಡಿಯಲ್ಲಿ ಉಜ್ಜಿ, ತಿರುಳನ್ನು ಅಳೆದುಕೊಂಡು ಅದರಷ್ಟೇ ಅಥವಾ ತುಸು ಕಡಿಮೆ ಸಕ್ಕರೆ, ಒಂದು ನಿಂಬೆಹಣ್ಣಿನ ರಸ ಹಾಕಿ ಮಗುಚಬೇಕು. ಪಾತ್ರೆಯ ಅಂಚು ಬಿಟ್ಟು ಮುದ್ದೆಯಾಗಿ ತಿರುಗತೊಡಗಿದಾಗ ತುಪ್ಪವನ್ನೋ ಬೆಣ್ಣೆಯನ್ನೋ ಸವರಿದ ತಟ್ಟೆಗೆ ಹರಡಿ, ಆರಿದ ಮೇಲೆ ಬಿಲ್ಲೆ ಕತ್ತರಿಸಬೇಕು. ಕ್ವಿನ್ಸ್ ತೆಗೆದು ಸೀಬೆ ಹಾಕಿದ್ದು ಬಿಟ್ಟರೆ ಪೋರ್ಚುಗಲ್ಲಿನ ವಿಧಾನಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ಇಲ್ಲ.

ಹಣ್ಣಿನ ತಿರುಳನ್ನು ಗಟ್ಟಿಯಾಗುವ ತನಕ ಕಾಸುವ ವಿದ್ಯೆ ಕರಾವಳಿಗೆ ಹೊರಗಿನಿಂದಲೇ ಬರಬೇಕಾಗಿತ್ತು ಎಂದೇನೂ ಅಲ್ಲ. ದಕ್ಷಿಣ ಕನ್ನಡದ ಮನೆಗಳಲ್ಲಿ ಹಲಸಿನ ಹಣ್ಣನ್ನು ಬೇಯಿಸಿ ಮಗುಚಿ ಮಾಡುವ ‘ಬೆರಟಿ’ ಭರಣಿಯಲ್ಲಿ ಕುಳಿತು ಹಲಸು ಇಲ್ಲದ ತಿಂಗಳುಗಳಲ್ಲಿ ಪಾಯಸವಾಗುತ್ತದೆ. ಹೊರಗಿನಿಂದ ಬಂದ ಪಾಕ ಇಲ್ಲಿ ಪರಕೀಯ ಎನಿಸದೆ ಹೋದದ್ದಕ್ಕೆ ಇಂಥ ಪರಿಚಯವೂ ಒಂದು ಕಾರಣ ಇರಬಹುದು.

ಬೇರಾಗಿ ಉಳಿದ ಮರ

ಇಂದಿನ ಪೇಟೆ ಕ್ವಿನ್ಸ್‌ಗೆ ಅನುಕೂಲವಾಗಿಲ್ಲ. ತೊಳೆದು ಕೂಡಲೇ ತಿನ್ನಬಹುದಾದ ಸಿಹಿ ಹಣ್ಣಿಗೆ ಗಿರಾಕಿಗಳು ಹೆಚ್ಚು. ಎರಡು ತಾಸು ಒಲೆಯ ಮುಂದೆ ನಿಲ್ಲಿಸುವ ಹಣ್ಣಿಗೆ ಕಡಿಮೆ. ಹಿಂದೆ ಇಂಗ್ಲೆಂಡಿನ ಮನೆತೋಟಗಳಲ್ಲಿ ಸಾಮಾನ್ಯವಾಗಿದ್ದ ಈ ಮರ ಅಲ್ಲಿ ಈಗ ಅಪರೂಪ. ಆದರೂ ಯುರೋಪಿನ ಪಿಯರ್ ತೋಟಗಳಲ್ಲಿ ಕ್ವಿನ್ಸ್ ದೊಡ್ಡ ಸಂಖ್ಯೆಯಲ್ಲಿ ಜೀವಂತವಾಗಿದೆ, ಮಣ್ಣಿನ ಒಳಗೆ. ಕ್ವಿನ್ಸ್ ಬೇರುಸಸಿಗೆ ಪಿಯರ್ ಕಸಿ ಕಟ್ಟಿದರೆ ಮರ ಗಿಡ್ಡವಾಗಿ ಬೆಳೆಯುತ್ತದೆ, ಬೇಗ ಫಲ ಕೊಡುತ್ತದೆ, ಕೊಯ್ಯಲು ಸುಲಭ. ಆದ್ದರಿಂದ ಬೇರು ಕ್ವಿನ್ಸ್‌ನದು, ಹಣ್ಣು ಪಿಯರಿನದು. ಕೊಳ್ಳುವವರಿಗೆ ತಾವು ತಿನ್ನುವ ಹಣ್ಣು ಯಾರ ಕಾಲಿನ ಮೇಲೆ ನಿಂತಿದೆ ಎಂಬುದು ತಿಳಿದಿರುವುದಿಲ್ಲ.

ಈ ಮಾತು ಕ್ವಿನ್ಸ್ ಒಂದಕ್ಕೇ ಸೀಮಿತವಲ್ಲ. ಮಲೆನಾಡು, ಕರಾವಳಿಗಳಲ್ಲಿ ಮುರುಗಲು, ಉಪ್ಪಾಗೆ, ಅಮಟೆ, ಬಿಂಬುಲಿ ಮುಂತಾದ ಮರಗಳಿವೆ. ಇವುಗಳ ಕಾಯನ್ನೋ ಹಣ್ಣನ್ನೋ ಕಿತ್ತು ಹಾಗೇ ಹೊಟ್ಟೆ ತುಂಬ ತಿನ್ನುವವರು ಕಡಿಮೆ. ಸಾರು, ಗೊಜ್ಜು, ಉಪ್ಪಿನಕಾಯಿ, ಪಾನಕಗಳಲ್ಲಿ ಅವಕ್ಕೆ ಬೆಲೆ ಬಂದಿದೆ. ಸಿಪ್ಪೆಯನ್ನು ಎಷ್ಟು ದಿನ ಒಣಗಿಸಬೇಕು, ಯಾವುದನ್ನು ಉಪ್ಪಿನಲ್ಲಿ ಹಾಕಬೇಕು ಎಂಬುದು ಮನೆಯಲ್ಲಿ ಗೊತ್ತಿರುವ ತನಕ ಆ ಮರಕ್ಕೆ ಹಿತ್ತಲಲ್ಲಿ ಜಾಗ ಇರುತ್ತದೆ. ಅದನ್ನು ಬಲ್ಲ ಕೊನೆಯ ಕೈ ನಿಂತುಹೋದ ಮೇಲೆ ಹಣ್ಣು ಅಂಗಳದ ಕಸವಾಗುತ್ತದೆ, ಮರ ಸೌದೆಯಾಗುತ್ತದೆ. ತಳಿಯನ್ನು ಸಂಶೋಧನಾ ಕೇಂದ್ರದಲ್ಲಿ ಕಾಪಾಡಬಹುದು. ಪಾಕವನ್ನು ಅಡುಗೆಮನೆಯೇ ಕಾಪಾಡಬೇಕು.

ಅಕ್ಟೋಬರ್ ನವೆಂಬರಿನಲ್ಲಿ ಶ್ರೀನಗರಕ್ಕೆ ಹೋದವರಿಗೆ ಬಮ್‌ಚೂಂಠ್ ಕಣ್ಣಿಗೆ ಬಿದ್ದರೆ ಎರಡು ಹಣ್ಣು ತರಬಹುದು. ಗಟ್ಟಿ ಹಣ್ಣಾದ್ದರಿಂದ ಹಾದಿಯಲ್ಲಿ ಬೇಗ ಕೆಡುವುದಿಲ್ಲ. ನಾಲ್ಕು ದಿನ ಕೋಣೆಯಲ್ಲಿಟ್ಟು ಪರಿಮಳ ಸವಿದು, ಬಾಲ್ಕನ್ ನಾಡುಗಳಲ್ಲಿ ಮಾಡುವ ಹಾಗೆ ಬಟ್ಟೆಯ ಬೀರುವಿನ ಮೇಲಿಟ್ಟು, ಆಮೇಲೆ ಹೋಳು ಮಾಡಿ ಸಕ್ಕರೆ, ಲವಂಗದ ಜೊತೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಒಂದು ಗಂಟೆಗೆ ಇಳಿಸುವ ಅವಸರ ಬೇಡ. ಬಣ್ಣ ತಿರುಗುವುದು ಅದಾದ ಮೇಲೆಯೇ. ಹಣ್ಣು ಸಿಗದಿದ್ದರೂ ಚಿಂತೆಯಿಲ್ಲ. ಸಂತೆಯಲ್ಲಿ ಸೀಬೆ ಇದೆ, ಮನೆಯಲ್ಲಿ ಸೌಟು ಇದೆ.